ನಿಂತ ಬಸ್ಸಿನ ಎದುರಿನಿಂದ

ಅಕ್ಕ ಓಡಲಿಲ್ಲ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ, ಇದನ್ನು ಮೊದಲು ಹೇಳಬೇಕು. ಎರಡೂ ಮೊಣಕಾಲು ಸವೆದುಹೋದ, ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಒಂದೊಂದಾಗಿ ಇಳಿಯುವ ಐವತ್ತಾರು ವರ್ಷದ ಹೆಂಗಸು ಓಡುವುದಾದರೂ ಹೇಗೆ? ನಾನು ಅವರಿಂದ ಒಂದು ಹೆಜ್ಜೆ ಹಿಂದಿದ್ದೆ. ಅವರು ನಡೆದರು. ಆದರೆ ಅವತ್ತು ಸೂರ್ಯ ಮುಳುಗುವ ಮೊದಲೇ ನಮ್ಮ ಊರಿಗೂ ಪಕ್ಕದ ಎರಡು ಊರಿಗೂ ಗೊತ್ತಾಗಿದ್ದದ್ದು ಒಂದೇ ಸುದ್ದಿ: ಯಾರೋ ಹೆಂಗಸು ಬಸ್ಸಿಗೆ ಅಡ್ಡ ಓಡಿದಳಂತೆ.

ಅಕ್ಕ ಎಂದರೆ ನನ್ನ ಸ್ವಂತ ಅಕ್ಕನಲ್ಲ, ನಮ್ಮ ಮನೆಯಿಂದ ಮೂರನೆಯ ಮನೆಯವರು. ಬಂಟ್ವಾಳದ ಹತ್ತಿರ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜದ ಸಿಪ್ಪೆ ತೆಗೆಯುವ ಕೆಲಸ ಅವರದ್ದು. ನಾನು ಅದೇ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಸಂಜೆ ಐದೂವರೆಯ ಬಸ್ಸಿನಲ್ಲಿ ಇಬ್ಬರೂ ಜೊತೆಯಾಗಿ ಬರುತ್ತೇವೆ. ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಊರೆಂದರೆ ರಸ್ತೆಯ ಎಡಗಡೆ ಹಾಜಿಯವರ ದಿನಸಿ ಅಂಗಡಿ, ಹಾಲಿನ ಸೊಸೈಟಿ; ಬಲಗಡೆ ನಮ್ಮ ಮನೆಗಳಿಗೆ ಹೋಗುವ ಮಣ್ಣಿನ ಓಣಿ. ಬಸ್ಸು ನಿಲ್ಲುವುದು ಹಾಜಿಯವರ ಅಂಗಡಿಯ ಎದುರು. ಮನೆ ಸೇರಬೇಕಾದರೆ ರಸ್ತೆ ದಾಟಲೇಬೇಕು.

ನಮ್ಮ ಕಡೆ ಬಸ್ಸಿನಿಂದ ಇಳಿದವರು ಬಸ್ಸಿನ ಎದುರಿನಿಂದ ದಾಟುತ್ತಾರೆ, ಹಿಂದಿನಿಂದಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ನನಗೆ ಕಲಿಸಿದ್ದು ಅಮ್ಮ. "ಹಿಂದಿನಿಂದ ಹೋದ್ರೆ ಡ್ರೈವರಿಗೆ ಕಾಣುದಿಲ್ಲ. ಎದುರಿಗೆ ಬಾ, ಅವನ ಮುಖ ನೋಡು, ಅವ ಕೈ ತೋರಿಸಿದ ಮೇಲೆ ಹೋಗು," ಎನ್ನುತ್ತಿದ್ದರು. ಹಾಗೆಯೇ ಆಗುತ್ತಿತ್ತು. ಇಳಿದವರು ಬಸ್ಸಿನ ಮೂತಿಯ ಎದುರು ಬಂದು ತಲೆ ಎತ್ತಿ ನೋಡುತ್ತಾರೆ. ಡ್ರೈವರ್ ಗಾಜಿನ ಆಚೆಯಿಂದ ಅಂಗೈ ಬೀಸುತ್ತಾನೆ. ಕಂಡಕ್ಟರ್ ಹಿಂದಿನಿಂದ "ಪೋಯಿ, ಪೋಯಿ" ಎಂದು ಹೊರಡಲು ತುಳುವಿನಲ್ಲಿ ಎಷ್ಟು ಕೂಗಿದರೂ ಇಳಿದವರು ಆಚೆ ಮುಟ್ಟದೆ ಬಸ್ಸು ಹೊರಡುವುದಿಲ್ಲ. ಎದುರಿನಿಂದ ಲಾರಿ ಬಂದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ಅದನ್ನೂ ನಿಲ್ಲಿಸುತ್ತಾನೆ. ನಾನು ಮೂಡುಬಿದಿರೆಯ ಕಾಲೇಜಿನ ಹಾಸ್ಟೆಲಿನಲ್ಲಿದ್ದಾಗ ಬಯಲುಸೀಮೆಯ ಗೆಳತಿಯೊಬ್ಬಳು ಇದನ್ನು ನೋಡಿ ನಕ್ಕಿದ್ದಳು. "ನಿಮ್ ಬಸ್ಸು ನೀವು ಮನೀ ಮುಟ್ಟೋ ತನಕ ಕಾಯ್ತದೇನ?" ಎಂದು ಕೇಳಿದ್ದಳು. ನನಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ನೆನಪಿಸಿಕೊಂಡರೆ ಈಗ ಮೈ ಉರಿಯುತ್ತದೆ.

ಯಾಕೆಂದರೆ ಆ ಪದ್ಧತಿ ನಡೆಯುತ್ತಿದ್ದದ್ದು ಡ್ರೈವರನ ಒಳ್ಳೆಯತನದಿಂದಲ್ಲ, ರಸ್ತೆ ಸಪೂರ ಇದ್ದದ್ದರಿಂದ. ನಮ್ಮ ಸ್ಟಾಪಿನ ಮುಂದೆಯೇ ಸಣ್ಣ ಸೇತುವೆಯಂಥ ಒಂದು ಹಳೆಯ ಮೋರಿ ಇತ್ತು, ಎರಡೂ ಬದಿಗೆ ಕಲ್ಲಿನ ಕಟ್ಟೆ. ಒಂದು ಬಸ್ಸು ನಿಂತರೆ ರಸ್ತೆಯೇ ನಿಂತ ಹಾಗೆ. ಹಿಂದಿನವನು ಎಷ್ಟು ಹಾರ್ನ್ ಹಾಕಿದರೂ ಚರಂಡಿಗೆ ಇಳಿಯದೆ ಮುಂದೆ ಹೋಗುವಂತಿರಲಿಲ್ಲ. ನಾವು ಡ್ರೈವರನ ಕೈಯನ್ನು ನಂಬಿದ್ದೆವು ಎಂದುಕೊಂಡಿದ್ದೆವು. ನಿಜಕ್ಕೂ ನಮ್ಮನ್ನು ಕಾದದ್ದು ಆ ಮೋರಿ.

ರಸ್ತೆ ಅಗಲವಾಯಿತು. ಮೋರಿ ಹೋಯಿತು. ಕಪ್ಪು ಡಾಂಬರು, ಬಿಳಿ ಗೀಟು, ಬದಿಯಲ್ಲಿ ಮಿನುಗುವ ಕಣ್ಣುಗಳು. ನಮಗೆ ಸಂತೋಷವೇ ಆಗಿತ್ತು, ಸುಳ್ಳು ಹೇಳಬಾರದು. ಅರ್ಧ ಗಂಟೆಯ ದಾರಿ ಇಪ್ಪತ್ತು ನಿಮಿಷವಾಯಿತು ಎಂದು ನಾನೇ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿದ್ದೆ. ಆದರೆ ನಿಂತ ಬಸ್ಸಿನ ಬಲಗಡೆ ಇನ್ನೊಂದು ಬಸ್ಸು ಹೋಗುವಷ್ಟು ಜಾಗ ಹೊಸದಾಗಿ ಹುಟ್ಟಿತ್ತು. ಅದನ್ನು ಯಾರೂ ನಮಗೆ ಹೇಳಲಿಲ್ಲ. ನಾವೂ ನೋಡಲಿಲ್ಲ. ನಾವು ಮೊದಲಿನ ಹಾಗೆಯೇ ಬಸ್ಸಿನ ಎದುರು ಹೋಗಿ ತಲೆ ಎತ್ತುತ್ತಿದ್ದೆವು, ಡ್ರೈವರ್ ಮೊದಲಿನ ಹಾಗೆಯೇ ಕೈ ಬೀಸುತ್ತಿದ್ದ.

ಮಾರ್ಚ್ ತಿಂಗಳು. ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿತ್ತು, ನನ್ನ ಚೀಲದಲ್ಲಿ ಪ್ರಿಪರೇಟರಿಯ ಉತ್ತರಪತ್ರಿಕೆಯ ಕಟ್ಟು. ಬಸ್ಸಿನಲ್ಲಿ ಅಕ್ಕ ಫ್ಯಾಕ್ಟರಿಯ ಕತೆ ಹೇಳುತ್ತಿದ್ದರು. ಅವರ ಸಾಲಿನಲ್ಲಿ ಕೂರುವ ಒಬ್ಬಳಿಗೆ ಹೊಸ ಸೂಪರ್‌ವೈಸರ್ "ಮಾತು ಕಮ್ಮಿ ಮಾಡಿ" ಎಂದನಂತೆ. ಆಕೆ "ಕೈ ನಿಂತ್ರೆ ಹೇಳಿ, ಬಾಯಿ ನನ್ನ ಸ್ವಂತದ್ದು" ಎಂದಳಂತೆ. ಅಕ್ಕ ಅದನ್ನು ಹೇಳಿ ತಾವೇ ನಕ್ಕರು. ನಗುತ್ತಲೇ ಇಳಿದರು. ನಾನು ಹಿಂದೆ ಇಳಿದೆ.

ಬಸ್ಸಿನ ಎದುರು ಬಂದೆವು. ಅಕ್ಕ ಮುಖ ಎತ್ತಿದರು. ಡ್ರೈವರ್ ನಮ್ಮವನೇ, ಎಂಟು ವರ್ಷದಿಂದ ಅದೇ ಬಸ್ಸಿನಲ್ಲಿರುವವನು. ಅಂಗೈ ಬೀಸಿದ. ಅಕ್ಕ ಸ್ವಲ್ಪ ತಡೆದರು. ಯಾಕೆ ತಡೆದರೋ ಗೊತ್ತಿಲ್ಲ, ಸೀರೆಯ ನೆರಿಗೆ ಸರಿಮಾಡಿಕೊಂಡರೇನೋ. ಆಗ ನಾನು ಹೇಳಿದೆ: "ಬನ್ನಿ ಅಕ್ಕ, ಹೋಗುವ."

ಇದನ್ನು ನಾನು ಹೇಳಿದೆ. ಬೇರೆ ಯಾರೂ ಅಲ್ಲ.

ಅವರು ಮೂರು ಹೆಜ್ಜೆ ನಡೆದರು. ಮೂರನೆಯ ಹೆಜ್ಜೆಗೆ ಬಸ್ಸಿನ ಮೂತಿಯ ಬಲತುದಿ ದಾಟಿತು. ಹಾರ್ನ್ ಕೇಳಲಿಲ್ಲ. ಹಾರ್ನ್ ಹಾಕಿದ್ದೆವೆಂದು ಆಮೇಲೆ ಆ ಬಸ್ಸಿನವರು ಹತ್ತು ಸಲ ಹೇಳಿದರು, ನನಗೆ ಕೇಳಲಿಲ್ಲ. ಗಾಳಿ ಬಂತು. ನನ್ನ ಮುಖದ ಎದುರು ಒಂದು ಹಸಿರು ಗೋಡೆ ಹಾದುಹೋಯಿತು. ಅದು ಮುಗಿದಾಗ ಅಕ್ಕ ಇದ್ದ ಜಾಗದಲ್ಲಿ ಅಕ್ಕ ಇರಲಿಲ್ಲ. ಅವರ ಬುತ್ತಿಯ ಡಬ್ಬಿ ರಸ್ತೆಯ ನಡುವೆ ತಿರುಗುತ್ತಿತ್ತು. ಅಕ್ಕ ಆಚೆ ಬಿದ್ದಿದ್ದರು, ಬಲಗಾಲು ಹೇಗೆ ಇರಬಾರದೋ ಹಾಗೆ ಇತ್ತು. ಅವರು ಕಿರುಚಲಿಲ್ಲ. ಸೀರೆಯನ್ನು ಮೊಣಕಾಲಿನ ಕೆಳಗೆ ಎಳೆದುಕೊಳ್ಳಲು ನೋಡುತ್ತಿದ್ದರು.

ಹಿಂದಿನಿಂದ ಬಂದದ್ದು ಇನ್ನೊಬ್ಬ ಮಾಲಕರ ಬಸ್ಸು. ನಮ್ಮ ಬಸ್ಸಿಗೂ ಅದಕ್ಕೂ ನಡುವೆ ಕೆಲವು ನಿಮಿಷಗಳ ಅಂತರ. ಮುಂದಿನ ಸ್ಟಾಪಿನಲ್ಲಿ ಕಾಯುವವರನ್ನು ಯಾರು ಮೊದಲು ಹತ್ತಿಸಿಕೊಳ್ಳುವುದು ಎಂಬುದಕ್ಕೆ ದಿನವೂ ಓಟ. ಓಡಿದ್ದು ಬಸ್ಸು. ಇದನ್ನು ಯಾರೂ ಹೇಳಲಿಲ್ಲ.

ಹೇಳಿದ್ದು ಏನೆಂದು ಹೇಳುತ್ತೇನೆ. ನಾನು ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಸುತ್ತ ಕಾಲುಗಳು.

"ಓಡ್ಲಿಕ್ಕೆ ಎಂತ ಅರ್ಜೆಂಟ್ ಇತ್ತು ಇವರಿಗೆ?"

"ಈ ಹೆಂಗಸರು ಹಾಗೇ ಮಾರಾಯ, ಆಚೆ ಈಚೆ ನೋಡುದೇ ಇಲ್ಲ."

"ಮೊಬೈಲಲ್ಲಿ ಮಾತಾಡ್ತಾ ಇದ್ರಾ?"

ಅಕ್ಕನ ಮೊಬೈಲು ಚೀಲದೊಳಗೆ, ಕರ್ಚೀಫಿನಲ್ಲಿ ಸುತ್ತಿಕೊಂಡು ಇತ್ತು. ಅವರು ಅದನ್ನು ಹೊರಗೆ ತೆಗೆಯುವುದು ಮನೆಗೆ ಮುಟ್ಟಿದ ಮೇಲೆ. ಒಬ್ಬ ನನ್ನ ತಲೆಯ ಮೇಲಿನಿಂದ ಬಗ್ಗಿ ವಿಡಿಯೋ ತೆಗೆಯುತ್ತಿದ್ದ. "ನಿನ್ನ ಅಮ್ಮ ಬಿದ್ದಿದ್ರೆ ಹೀಗೇ ಹಿಡೀತಿದ್ದೆಯಾ?" ಎಂದು ಕೇಳಿದೆ. ಅವನಿಗೆ ಅವಮಾನವಾಗಲಿಲ್ಲ. ಅವನು ಕೋನ ಬದಲಿಸಿದ, ಅಷ್ಟೇ.

ಹಾಜಿಯವರು ಮಾತ್ರ ಏನೂ ಕೇಳಲಿಲ್ಲ. ಅಂಗಡಿಯನ್ನು ಹಾಗೆಯೇ ಬಿಟ್ಟು ಕಾರು ತಿರುಗಿಸಿ ತಂದರು. ಗಲ್ಫಿನಲ್ಲಿ ಹದಿನೆಂಟು ವರ್ಷ ಗಾಡಿ ಓಡಿಸಿದವರು ಅವರು. ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಕಾಲಿನ ಕೆಳಗೆ ಅಕ್ಕಿಯ ಖಾಲಿ ಗೋಣಿ ಮಡಚಿ ಇಟ್ಟರು. ಆಸ್ಪತ್ರೆ ಮುಟ್ಟುವ ತನಕ ಅವರು ಆಡಿದ್ದು ಒಂದೇ ಮಾತು. "ಅಲ್ಲಿ ಗಲ್ಫಿನಲ್ಲಿ ನಿಂತ ಸ್ಕೂಲ್ ಬಸ್ಸನ್ನು ಒಬ್ಬ ದಾಟಿದ್ರೆ ಅವನ ಲೈಸೆನ್ಸ್ ಮನೆಯ ಗೋಡೆಗೆ ತೂಗು ಹಾಕುದು ಮಾತ್ರ ಟೀಚರೆ. ಇಲ್ಲಿ ದಾಟದಿದ್ರೆ ಅವ ಡ್ರೈವರೇ ಅಲ್ಲ."

ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ರಾಡ್ ಹಾಕಿದರು.

ಮರುದಿನ ಆಸ್ಪತ್ರೆಗೆ ಹೋದಾಗ ಅಕ್ಕನ ಮಗಳು ಮಂಚದ ಹತ್ತಿರ ನಿಂತು ಬೈಯುತ್ತಿದ್ದಳು. ಅಳುತ್ತಾ ಬೈಯುತ್ತಿದ್ದಳು. "ನೋಡಿ ದಾಟ್ಲಿಕ್ಕೆ ಎಂತ ಆಗಿತ್ತು ನಿನಗೆ? ಇನ್ನು ಫ್ಯಾಕ್ಟರಿ ಸಾಕು. ಮನೆಯಲ್ಲಿ ಕೂತ್ಕೊ. ರಸ್ತೆ ದಾಟ್ಲಿಕ್ಕೆ ಗೊತ್ತಿಲ್ಲದವರು ಕೆಲಸಕ್ಕೆ ಹೋಗುದು ಬೇಡ."

ಅಕ್ಕ ಗೋಡೆಯ ಕಡೆ ಮುಖ ಮಾಡಿದ್ದರು. ಕಾಲಿನ ನೋವಿಗಿಂತ ಆ ಮಾತು ಹೆಚ್ಚು ತಾಗಿದ್ದು ನನಗೆ ಕಾಣುತ್ತಿತ್ತು. ಇಪ್ಪತ್ತೈದು ವರ್ಷದಿಂದ ಒಬ್ಬರೇ ಬಸ್ಸು ಹತ್ತಿ ಇಳಿದವರು ಅವರು. ಗಂಡ ತೀರಿಕೊಂಡ ಮೇಲೆ ಮನೆ ನಡೆಸಿದ್ದು, ಮಗಳನ್ನು ಓದಿಸಿದ್ದು ಆ ಫ್ಯಾಕ್ಟರಿಯ ಬೆಂಚಿನ ಮೇಲೆ ಕೂತು. ಈಗ ದುಡಿಯಲೇಬೇಕೆಂದಿಲ್ಲ. ಆದರೆ ಒಮ್ಮೆ ನಾನು ಕೇಳಿದಾಗ ಹೇಳಿದ್ದರು: "ಅಲ್ಲಿ ಆ ನಾಲ್ಕು ಜನರೊಟ್ಟಿಗೆ ಮಾತಾಡದಿದ್ರೆ ನನಗೆ ಉಂಡದ್ದು ಕರಗುದಿಲ್ಲ." ಓಡಿದವರೆಂದು ಆದರೆ ಅದೆಲ್ಲ ಮುಗಿಯಿತು. ಓಡಿದವಳಿಗೆ ಬುದ್ಧಿಯಿಲ್ಲ, ಬುದ್ಧಿಯಿಲ್ಲದವಳನ್ನು ಮನೆಯಲ್ಲಿ ಕೂರಿಸಬೇಕು. ಕಾಲು ಮುರಿದದ್ದು ಬಸ್ಸಿನವನು, ಮನೆಯಲ್ಲಿ ಕೂರುವ ಶಿಕ್ಷೆ ಅಕ್ಕನಿಗೆ.

"ಅವರು ಓಡಲಿಲ್ಲ," ಎಂದೆ ಮಗಳಿಗೆ. "ಡ್ರೈವರ್ ಕೈ ತೋರಿಸಿದ. ನಾನೂ ಹೋಗುವ ಅಂದೆ. ಅವರು ನಡೆದದ್ದು."

ಅವಳು ನನ್ನನ್ನು ನೋಡಿದಳು. "ಹಾಗಾದ್ರೆ ನೀವೇ ಕರ್ಕೊಂಡು ಹೋದದ್ದು."

ಹೌದು ಎಂದೆ. ಬೇರೆ ಏನು ಹೇಳುವುದು?

ಭಾನುವಾರ ಬೆಳಿಗ್ಗೆ ಡ್ರೈವರ್ ನಮ್ಮ ಮನೆಗೆ ಬಂದ. ನಮ್ಮ ಬಸ್ಸಿನ ಡ್ರೈವರ್, ಕೈ ಬೀಸಿದವನು. ಅಂಗಳದಲ್ಲೇ ನಿಂತ, ಜಗಲಿಗೆ ಹತ್ತಲಿಲ್ಲ. ಖಾಕಿ ಇಲ್ಲದೆ ಅವನನ್ನು ನಾನು ನೋಡಿದ್ದು ಅದೇ ಮೊದಲು.

"ಟೀಚರೆ, ಪೊಲೀಸಿನವರು ನಿಮ್ಮತ್ರ ಕೇಳ್ತಾರೆ. ಕೈ ತೋರಿಸಿದ್ದು ಒಂದು ಹೇಳ್ಬೇಡಿ."

"ಯಾಕೆ?"

"ಕೈ ತೋರಿಸಿದ ಅಂತ ಬಂದ್ರೆ ನನ್ನ ಮಂಡೆಗೂ ಬರ್ತದೆ. ಒಳ್ಳೇದು ಮಾಡ್ಲಿಕ್ಕೆ ಹೋದದ್ದು ನಾನು. ಬೇರೆ ಡ್ರೈವರುಗಳ ಹಾಗೆ ಇಳಿಸಿ ಹೋಗ್ತಿದ್ರೆ ನನಗೆ ಎಂತ ಇತ್ತು?"

ಅದು ಸುಳ್ಳಲ್ಲ. ಕೆಲವರು ಇಳಿದವರ ಎರಡನೆಯ ಕಾಲು ನೆಲಕ್ಕೆ ತಾಗುವ ಮೊದಲೇ ಹೊರಡುತ್ತಾರೆ. ಇವನು ಹಾಗಲ್ಲ. ಮೊಣಕಾಲು ನೋವಿನ ಅಕ್ಕನಿಗಾಗಿ ಬಸ್ಸನ್ನು ರಸ್ತೆ ಬದಿಯ ಎತ್ತರದ ಮಣ್ಣಿಗೆ ತಾಗಿಸಿ ನಿಲ್ಲಿಸುತ್ತಿದ್ದವನು, ಮೆಟ್ಟಿಲು ಎತ್ತರವಾಗದಿರಲಿ ಎಂದು. ಅದಕ್ಕೇ ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಕೆಟ್ಟವನ ಮೇಲೆ ಸಿಟ್ಟು ಮಾಡುವುದು ಸುಲಭ.

"ನೀವು ಬಲಗಡೆಯ ಕನ್ನಡಿ ನೋಡಿದ್ರಾ?" ಎಂದು ಕೇಳಿದೆ.

"ನಾನು ಅಕ್ಕನನ್ನು ನೋಡಿದೆ," ಎಂದ.

ಅವನನ್ನು ಕೂರಿಸಿ ಚಹಾ ಕೊಡಬೇಕಿತ್ತು. ಕೊಡಲಿಲ್ಲ. "ನೀವು ಬೀಸಿದ ಕೈಗೆ ಅರ್ಥ ಏನು ಹೇಳಿ. ರಸ್ತೆ ಖಾಲಿ ಉಂಟು ಅಂತಲಾ, ಅಥವಾ ನಾನು ಮಾತ್ರ ನಿಮ್ಮ ಮೇಲೆ ಹತ್ತಿಸುದಿಲ್ಲ ಅಂತಲಾ?" ಎಂದು ಕೇಳಿದೆ. ನನ್ನ ಸ್ವರ ಪಕ್ಕದ ಮನೆಗೆ ಕೇಳುವಷ್ಟು ಏರಿತ್ತು. ಅವನು "ಹಾಗೆಲ್ಲ ಯೋಚನೆ ಮಾಡಿದವನಲ್ಲ ನಾನು" ಎಂದು ಹೇಳಿ ತಿರುಗಿ ಹೊರಟ. ಯೋಚನೆ ನಾನೂ ಮಾಡಿರಲಿಲ್ಲ. ವೇಗ, ದೂರ, ಸಮಯ ಎಂದು ವರ್ಷಾನುವರ್ಷ ಕರಿಹಲಗೆಯ ಮೇಲೆ ಬರೆದವಳು ನಾನು. ನಿಂತ ಬಸ್ಸಿನ ಮರೆಯಿಂದ ಹೊರಬರುವ ಮನುಷ್ಯನೂ ಹಿಂದಿನಿಂದ ಬರುವ ಬಸ್ಸೂ ಒಬ್ಬರಿಗೊಬ್ಬರು ಕಾಣುವುದು ಕೊನೆಯ ಒಂದು ಹೆಜ್ಜೆಯಲ್ಲಿ ಎಂಬುದನ್ನು ಏಳನೆಯ ತರಗತಿಯ ಮಗು ಗೀಟು ಎಳೆದು ತೋರಿಸಬಹುದು. ನಾನು ಆ ಗೀಟನ್ನು ಎಳೆದದ್ದು ಅಕ್ಕನ ಕಾಲು ಮುರಿದ ಮೇಲೆ. ಈಗ ಪಾತ್ರೆ ತೊಳೆಯುವಾಗ, ಹಾಜರಿ ಕರೆಯುವಾಗ, ಬೆರಳು ತಾನೇ ಎಳೆಯುತ್ತದೆ. ಬಸ್ಸು, ಅದರ ಬಲತುದಿ, ಮೂರನೆಯ ಹೆಜ್ಜೆ. ಪ್ರತಿ ಸಲವೂ ನಾನು ಅಲ್ಲಿಯೇ ಅವರ ಸೆರಗು ಹಿಡಿದು ಎಳೆಯುತ್ತೇನೆ. ಪ್ರತಿ ಸಲವೂ ಸೆರಗು ಸಿಗುವುದಿಲ್ಲ.

ಹೇಳಿಕೆ ಕೊಡಲು ಹೋಗುವ ಹಿಂದಿನ ದಿನ ಆಸ್ಪತ್ರೆಗೆ ಹೋದೆ. ಅಕ್ಕನಿಗೆ ಎಲ್ಲ ಗೊತ್ತಾಗಿತ್ತು. ಡ್ರೈವರನ ಹೆಂಡತಿ ಬಂದು ಗಂಜಿ ಕೊಟ್ಟು ಹೋಗಿದ್ದಳು.

"ಟೀಚರೆ, ನಾನು ನೋಡದೆ ಹೋದೆ ಅಂತ ಹೇಳಿಬಿಡಿ. ಮುಗೀಲಿ."

"ನೀವು ನೋಡಿ ಹೋದದ್ದು."

"ನಾನು ನೋಡಿದ್ದು ಅವನ ಮುಖ ಅಲ್ವಾ? ರಸ್ತೆ ನೋಡ್ಲಿಲ್ಲ. ಮತ್ತೆ ತಪ್ಪು ಯಾರದ್ದು?"

"ಅಕ್ಕ, ನೀವು ಓಡಿದಿರಿ ಅಂತ ಅವರು ಬರೀತಾರೆ. ಮಗಳು ನಿಮ್ಮನ್ನು ಇನ್ನು ಹೊರಗೆ ಬಿಡುದಿಲ್ಲ. ಅದು ಆಗ್ಬಹುದಾ ನಿಮಗೆ?"

ಅವರಿಗೆ ಸಿಟ್ಟು ಬಂತು. ಮಲಗಿದ್ದಲ್ಲಿಂದಲೇ ಕೈ ಎತ್ತಿ ನನ್ನ ಕಡೆ ಬೆರಳು ತೋರಿಸಿದರು. "ನೀವು ಓದಿದವರು, ನಿಮಗೆ ಸತ್ಯ ಬೇಕು. ನನಗೆ ನಾಳೆ ಬಸ್ಸು ಬೇಕು. ಅವ ಕೆಲಸ ಬಿಟ್ರೆ ನನಗೋಸ್ಕರ ಮಣ್ಣಿಗೆ ತಾಗಿಸಿ ನಿಲ್ಸುದು ಯಾರು? ನೀವಾ?"

ಆಚೆ ಮಂಚದ ಹೆಂಗಸು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಹೊರಗೆ ಬಂದು ಮೆಟ್ಟಿಲಲ್ಲಿ ಕೂತೆ. ಅಕ್ಕ ಹೇಳಿದ್ದು ತಪ್ಪಲ್ಲ ಎಂದು ಅನಿಸಿತು, ಅದಕ್ಕೇ ಇನ್ನಷ್ಟು ಕುದಿಯಿತು. ಒಬ್ಬ ಒಳ್ಳೆಯ ಡ್ರೈವರನನ್ನು ಉಳಿಸಿಕೊಳ್ಳಲು ಕಾಲು ಮುರಿದವರು ತಪ್ಪು ಹೊರಬೇಕು. ಓಟ ಓಡಿದ ಬಸ್ಸು ಆಗಲೇ ಗಾಜು ಒರೆಸಿಕೊಂಡು ರೂಟಿಗೆ ಇಳಿದಿತ್ತು. ನಾನು ದಿನಾ ನೋಡುತ್ತಿದ್ದೆ. ಅದೇ ಹಸಿರು.

ಠಾಣೆಯ ರೈಟರ್ ಕೆಟ್ಟವನೇನಲ್ಲ. ಕುರ್ಚಿ ಕೊಟ್ಟ, ನೀರು ತರಿಸಿದ. ನಾನು ಹೇಳುತ್ತಾ ಹೋದೆ, ಅವನು ಟೈಪ್ ಮಾಡುತ್ತಾ ಹೋದ. ಕೊನೆಗೆ ಓದಿ ಹೇಳಿದ. "ಸದರಿ ಮಹಿಳೆಯು ಬಸ್ಸಿನಿಂದ ಇಳಿದು ಒಮ್ಮೆಲೇ ರಸ್ತೆಗೆ ಅಡ್ಡವಾಗಿ ಓಡಿ ಬಂದಾಗ..."

"ನಾನು ಹಾಗೆ ಹೇಳ್ಲಿಲ್ಲ."

"ಅದೇ ಮೇಡಂ, ಎಲ್ಲರೂ ಹಾಗೇ ಹೇಳಿದ್ದಾರೆ. ನಾವು ಸ್ವಲ್ಪ ಸರಿ ಮಾಡಿ ಬರಿಯುದು."

"ಎಲ್ಲರೂ ಅಂದ್ರೆ ಯಾರು? ಬಸ್ಸಿನ ಎದುರು ಇದ್ದದ್ದು ಇಬ್ಬರೇ. ಒಬ್ಬರು ಆಸ್ಪತ್ರೆಯಲ್ಲಿದ್ದಾರೆ, ಇನ್ನೊಬ್ಬಳು ಇಲ್ಲಿ ಕೂತಿದ್ದೇನೆ."

"ವಿಡಿಯೋದಲ್ಲಿ ಉಂಟಲ್ಲ ಮೇಡಂ."

"ವಿಡಿಯೋ ತೆಗೆದದ್ದು ಬಿದ್ದ ಮೇಲೆ. ಬಿದ್ದವರು ಓಡುದು ಅದರಲ್ಲಿ ಹೇಗೆ ಕಾಣ್ತದೆ?"

ಪಕ್ಕದ ಮೇಜಿನವರು ತಲೆ ಎತ್ತಿ ನೋಡಿದರು. ಆ ಕ್ಷಣದಲ್ಲಿ ಅಕ್ಕ ಬೇಡಿಕೊಂಡದ್ದು ನೆನಪಿತ್ತು, ಡ್ರೈವರ್ ಅಂಗಳದಲ್ಲಿ ನಿಂತದ್ದೂ ನೆನಪಿತ್ತು. ಕೈ ತೋರಿಸಿದ್ದನ್ನು ಬಿಟ್ಟು ಬರೆಸಬಹುದಿತ್ತು. ನಡೆದರು ಎಂದಷ್ಟೇ ಬರೆಸಿ ಏಳಬಹುದಿತ್ತು. ಆದರೆ ಆಗ ಯಾರಾದರೂ ಕೇಳುತ್ತಾರೆ: ನೋಡದೆ ಯಾಕೆ ನಡೆದರು? ಅದಕ್ಕೆ ಉತ್ತರ ಇರುವುದು ಆ ಕೈಯಲ್ಲಿಯೇ.

ನಾನು ಹೇಳಿದೆ, ಅವನು ಟೈಪ್ ಮಾಡಿದ: ನಿಂತ ಬಸ್ಸಿನ ಚಾಲಕ ದಾಟುವಂತೆ ಕೈ ತೋರಿಸಿದ ನಂತರ, ನಾನು ಸಹ ದಾಟುವಂತೆ ಹೇಳಿದ ನಂತರ, ಸದರಿ ಮಹಿಳೆಯು ನಡೆದು ದಾಟುತ್ತಿದ್ದರು. ಹಿಂದಿನ ಬಸ್ಸು ನಿಂತ ಬಸ್ಸನ್ನು ಹಿಂದಿಕ್ಕಿ ಬಂದು ಡಿಕ್ಕಿ ಹೊಡೆಯಿತು.

"'ನಾನು ಸಹ' ಅಂತ, ಅದು ಬೇಕಾ ಮೇಡಂ? ನಿಮಗೆ ಸುಮ್ಮನೆ ತೊಂದರೆ," ಎಂದ.

"ಬೇಕು," ಎಂದೆ. ಸಹಿ ಹಾಕಿದೆ.

ಹೊರಡುವಾಗ ಅವನು ಕಾಳಜಿಯಿಂದಲೇ ಕೇಳಿದ. "ಅಲ್ಲ ಮೇಡಂ, ಅಲ್ಲಿ ಬಸ್ಸು ನಿಲ್ಸುದು ಯಾಕೆ? ರಸ್ತೆಯ ಪ್ಲಾನಿನಲ್ಲಿ ಅಲ್ಲಿ ಸ್ಟಾಪೇ ಇಲ್ಲ." ನಾನು ಹುಟ್ಟುವ ಮೊದಲಿನಿಂದ ಬಸ್ಸು ನಿಂತ ಜಾಗ. ಅಮ್ಮ ನನ್ನನ್ನು ಕೈಹಿಡಿದು ದಾಟಿಸಿದ ಜಾಗ. ಅದು ಕಾಗದದಲ್ಲಿ ಇಲ್ಲ. ಅಲ್ಲಿ ಯಾರೂ ಇಳಿಯುವುದಿಲ್ಲ, ಆದ್ದರಿಂದ ಅಲ್ಲಿ ಯಾರೂ ದಾಟುವುದಿಲ್ಲ, ಆದ್ದರಿಂದ ಅಲ್ಲಿ ಹಂಪ್ ಬೇಡ, ಬಿಳಿ ಪಟ್ಟೆ ಬೇಡ, ಒಂದು ಬೋರ್ಡೂ ಬೇಡ. ಹಾಗಾದರೆ ಅಕ್ಕನ ಕಾಲು ಮುರಿದದ್ದು ಎಲ್ಲಿ? ಅಲ್ಲಿ ಹಂಪ್ ಬೇಕೆಂದು ಅರ್ಜಿ ಬರೆದೆ, ಊರಿನವರ ಸಹಿ ತೆಗೆದುಕೊಂಡೆ. ಲೋಕೋಪಯೋಗಿ ಕಚೇರಿಯಲ್ಲಿ ಒಬ್ಬರು ಅದನ್ನು ತಿರುಗಿಸಿ ನೋಡಿ, "ಹಂಪ್ ಹಾಕಿದ್ರೆ ವಾಹನಗಳಿಗೆ ತೊಂದರೆ ಆಗ್ತದಲ್ಲ," ಎಂದರು. ತಮಾಷೆಗೆ ಹೇಳಿದ್ದಲ್ಲ. ನಿಜವಾದ ಚಿಂತೆಯಿಂದ ಹೇಳಿದ್ದು.

ಡ್ರೈವರನನ್ನು ಮಾಲಕರು ಕೆಲವು ವಾರ ಮನೆಗೆ ಕಳಿಸಿದರು. ಬಸ್ಸಿನಲ್ಲಿ ನನಗೆ ಕೇಳುವ ಹಾಗೆ ಮಾತುಗಳು ಬಂದವು. "ಕೈ ತೋರಿಸಿದವನಿಗೆ ರಜೆ, ಗುದ್ದಿದವನಿಗೆ ಡ್ಯೂಟಿ. ಟೀಚರು ಭಾರೀ ನ್ಯಾಯ ಮಾಡಿದ್ರು." ಆದದ್ದು ಹಾಗೆಯೇ. ಹಸಿರು ಬಸ್ಸಿನವನ ಕೇಸು ನಡೆಯುತ್ತಿದೆ ಎನ್ನುತ್ತಾರೆ. ಕೇಸು ನಡೆಯುತ್ತದೆ, ಬಸ್ಸು ಓಡುತ್ತದೆ.

ಅಕ್ಕ ಐದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ನಾನು ಅವರ ಮನೆಗೆ ಹೋದರೆ ಟಿವಿ ನೋಡುತ್ತಿದ್ದರು. ಮಗಳು ಮಾತ್ರ ಒಂದು ದಿನ ಹೇಳಿಕೆಯ ನಕಲು ಕೇಳಿ ತೆಗೆದುಕೊಂಡು, ಬಾಗಿಲಲ್ಲಿ ನಿಂತುಕೊಂಡೇ ಓದಿದಳು. 'ನಾನು ಸಹ' ಎಂಬ ಸಾಲನ್ನು ಎರಡು ಸಲ ಓದಿದಳು. ಮಡಚಿ ಹಿಂದೆ ಕೊಟ್ಟಳು. ಆಮೇಲೆ ಅವಳ ಬಾಯಿಂದ ತಾಯಿ ಓಡಿದರು ಎಂಬ ಮಾತು ನಾನು ಕೇಳಲಿಲ್ಲ. ಊರು ಮಾತ್ರ ಹೇಳುತ್ತಲೇ ಇತ್ತು, ಈಗಲೂ ಹೇಳುತ್ತದೆ.

ಮಳೆ ಕಮ್ಮಿಯಾದ ಮೇಲೆ ಅಕ್ಕ ಕೋಲು ಊರಿಕೊಂಡು ಫ್ಯಾಕ್ಟರಿಗೆ ಹೊರಟರು. ಮಗಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ, ರಸ್ತೆ ದಾಟುವುದು ನನ್ನ ಜೊತೆ. ಅಕ್ಕನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. "ನನ್ನನ್ನು ಗುದ್ದಿಸಿದವರೊಟ್ಟಿಗೇ ಕಳಿಸುದಾ?" ಎಂದು ಮಗಳಿಗೆ ಕೇಳಿದರಂತೆ. ಹಾಗೆ ಕೇಳಿದ್ದನ್ನು ಅವರೇ ಬಸ್ಸಿನಲ್ಲಿ ನನಗೆ ಹೇಳಿದರು, ಮುಖ ಕಿಟಕಿಯ ಕಡೆ ಮಾಡಿಕೊಂಡು. ಐದು ತಿಂಗಳ ಮೇಲೆ ಅವರು ನನಗೆ ಹೇಳಿದ ಮೊದಲ ಮಾತು ಅದು.

ಸಂಜೆ ಬಸ್ಸು ನಿಂತಿತು. ನಮ್ಮ ಡ್ರೈವರ್ ಮರಳಿ ಬಂದಿದ್ದ. ನನ್ನನ್ನು ನೋಡುವುದನ್ನು ಬಿಟ್ಟಿದ್ದ, ಆದರೆ ಬಸ್ಸನ್ನು ಮಣ್ಣಿಗೆ ತಾಗಿಸಿಯೇ ನಿಲ್ಲಿಸಿದ. ಅಕ್ಕ ಕೋಲು ಮೊದಲು ಇಳಿಸಿ, ಆಮೇಲೆ ಕಾಲು ಇಳಿಸಿದರು. ನಾನು ಅವರನ್ನು ಹಾಜಿಯವರ ಅಂಗಡಿಯ ಎದುರಿಗೇ ನಿಲ್ಲಿಸಿದೆ. ಬಸ್ಸು ಹೋದ ಮೇಲೆ ದಾಟುವುದೆಂದು ಮೊದಲೇ ಹೇಳಿಟ್ಟಿದ್ದೆ.

ಬಸ್ಸು ಹೋಗಲಿಲ್ಲ. ಡ್ರೈವರ್ ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದ. ಕೈ ಬೀಸಲಿಲ್ಲ. ಆದರೆ ಕಾಯುತ್ತಿದ್ದ. ಇಳಿದವರು ದಾಟದೆ ಹೊರಡುವುದು ಅವನಿಗೆ ಗೊತ್ತಿಲ್ಲ. ಅವನು ಹೋಗಲೆಂದು ನಾವು ಕಾದೆವು, ನಾವು ದಾಟಲೆಂದು ಅವನು ಕಾದ. ಹಿಂದೆ ಎರಡು ಕಾರುಗಳು ಹಾರ್ನ್ ಹಾಕಿದವು, ಬಲಗಡೆಯಿಂದ ನುಗ್ಗಿ ಹೋದವು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿದ.

"ಎಂತ ಅಕ್ಕ, ದಾಟುದಿಲ್ವಾ? ಇಲ್ಲೇ ಬಿಡಾರ ಮಾಡ್ತೀರಾ?"

"ನೀವು ಹೋಗಿ ಮಾರಾಯ್ರೆ," ಎಂದು ಅಕ್ಕ ಕೋಲು ಎತ್ತಿ ಬೀಸಿದರು. "ಮೊದಲು ನೀವು ಹೋಗಿ!"

ಬಸ್ಸಿನೊಳಗೆ ಯಾರೋ ನಕ್ಕರು. ಡ್ರೈವರ್ ಆಗ ತಿರುಗಿ ಅಕ್ಕನನ್ನು ನೋಡಿದ. ಗೇರ್ ಹಾಕಿದ. ಬಸ್ಸು ಹೋಯಿತು.

ರಸ್ತೆ ಎರಡೂ ಕಡೆ ತೆರೆದುಕೊಂಡಿತು. ತೆರೆದದ್ದು ಎಂದರೆ ಕಾಣಲು ಮಾತ್ರ. ಕಾರು, ಲಾರಿ, ಬೈಕು, ಮತ್ತೆ ಕಾರು, ಯಾರೂ ಕಾಲು ಸಡಿಲಿಸಲಿಲ್ಲ. ಕೋಲು ಹಿಡಿದ ಹೆಂಗಸನ್ನು ಅಷ್ಟು ದೂರದಿಂದ ನೋಡಿ, ನಾವು ರಸ್ತೆಗೆ ಇಳಿಯುವ ಮೊದಲೇ ದಾಟಿಬಿಡುವ ಎಂದು ಇನ್ನೂ ಜೋರು ಮಾಡಿದವರಿದ್ದಾರೆ. ನಾನು ಕೈ ಎತ್ತಿ ನಿಂತೆ. ಎಷ್ಟು ಹೊತ್ತು ನಿಂತೆನೋ, ಭುಜ ನೋಯತೊಡಗಿತು. ಕೊನೆಗೆ ಒಂದು ಸಂದು ಸಿಕ್ಕಿತು. "ಈಗ," ಎಂದೆ. ಹೋಗುವ ಎನ್ನಲು ಬಾಯಿ ಬರಲಿಲ್ಲ. ಅಕ್ಕ ನನ್ನ ಮಣಿಕಟ್ಟು ಹಿಡಿದರು. ಗೇರುಬೀಜದ ಸಿಪ್ಪೆ 'ಚಕ್' ಎಂದು ಎಬ್ಬಿಸುವ ಉಗುರು ಅದು, ಚರ್ಮಕ್ಕೆ ಇಳಿಯಿತು. ನಡು ರಸ್ತೆಯಲ್ಲಿ ಅವರು ನಿಂತುಬಿಟ್ಟರು. ಎಡಗಡೆ ಒಂದು ಲಾರಿ ಇನ್ನೂ ದೂರ ಇತ್ತು. "ಬರ್ತದಾ? ಬರ್ತದಾ?" ಎಂದು ಕೇಳಿದರು, ತಿರುಗಿ ನೋಡದೆ. ಅವರ ಇಡೀ ಮೈ ನಡುಗುವುದು ನನ್ನ ಕೈಗೆ ಬರುತ್ತಿತ್ತು. ನಾನು ಲಾರಿಗೂ ಅವರಿಗೂ ನಡುವೆ ನಿಂತೆ. "ದೂರ ಉಂಟು. ನಡೀರಿ," ಎಂದೆ. ನಡೆದರು.

ಆಚೆ ಮಣ್ಣಿಗೆ ಕಾಲಿಟ್ಟ ಕೂಡಲೇ ಕೈ ಕೊಡವಿದರು. ಲಾರಿ ನಮ್ಮ ಬೆನ್ನಿಗೆ ಗಾಳಿ ಹೊಡೆದು ಹೋಯಿತು. ಅಕ್ಕ ಓಣಿಯ ಬದಿಯ ಕಲ್ಲಿನ ಮೇಲೆ ಕೂತು ಉಸಿರು ತೆಗೆದುಕೊಂಡರು. ಹಣೆಯೆಲ್ಲ ಬೆವರು.

"ಸಾಕು," ಎಂದರು. "ನಾಳೆ ನೀವು ಬರುದು ಬೇಡ. ನಾನು ಒಬ್ಬಳೇ ದಾಟ್ತೇನೆ."

"ಮಗಳಿಗೆ ಎಂತ ಹೇಳ್ತೀರಿ?"

"ಅದು ನಿಮಗ್ಯಾಕೆ? ಅದನ್ನೂ ಬರ್ಕೊಟ್ಟು ಸಹಿ ಹಾಕ್ತೀರಾ?"

ಬೆಳಿಗ್ಗೆ ಬಂಟ್ವಾಳದ ಬಸ್ಸು ನಿಲ್ಲುವುದು ನಮ್ಮ ಬದಿಗೇ, ಆದರೆ ಅಕ್ಕನಿಗೆ ಅದಕ್ಕೆ ಮೊದಲು ಹಾಜಿಯವರ ಅಂಗಡಿಯ ವೀಳ್ಯದೆಲೆ ಬೇಕು. ಏಳೂವರೆಗೆ ನಾನು ಓಣಿಯ ಬಾಯಿಗೆ ಹೋದಾಗ ಅವರು ಆಗಲೇ ಬಂದು ನಿಂತಿದ್ದರು, ರಸ್ತೆಯ ಅಂಚಿನಿಂದ ಎರಡು ಮಾರು ದೂರ. ನನ್ನನ್ನು ಕಂಡು ಬೈದರು. ಬೈಯುತ್ತಲೇ ಕೋಲನ್ನು ಎಡಗೈಗೆ ಬದಲಿಸಿ ಬಲಗೈ ಚಾಚಿದರು. ಎರಡೂ ಕಡೆಯಿಂದ ಗಾಡಿಗಳು ಬರುತ್ತಿದ್ದವು. ನಾವು ಕಾದೆವು.